ರೇಡಿಯೋ ಸುಮ್ಮನಾದ ಒಂದು ನಿಮಿಷ

ಟೈಲ್ಸ್ ಸಾಹುಕಾರರು ಕೂರಿಸಿ ಮಾತಾಡಿಸಿದರು, ಅದೇ ದೊಡ್ಡ ಉಪಕಾರ. ಇದಕ್ಕೆ ಮುಂಚೆ ಹೋದ ಕಡೆಗಳಲ್ಲೆಲ್ಲ ಡೈರೆಕ್ಟ್ರಮ್ಮ ಬಾಗಿಲಲ್ಲಿ ನಿಂತೇ ಹಲ್ಲು ಕಿರಿದು ವಾಪಸ್ಸು ಬಂದಿದ್ದಳು. ಇಲ್ಲಿ ಕುರ್ಚಿ ಸಿಕ್ಕಿತು, ಒಂದು ಲೋಟ ನೀರೂ ಬಂತು. ಸಾಹುಕಾರರ ಮೇಜಿನ ಮೇಲೆ ಬಣ್ಣಬಣ್ಣದ ಟೈಲ್ಸಿನ ತುಂಡುಗಳು ಹರಡಿದ್ದವು. ಅವುಗಳನ್ನೇ ಒಂದಿಷ್ಟು ಆಚೆ ಸರಿಸಿ ಅವಳು ಲ್ಯಾಪ್‌ಟಾಪ್ ಇಟ್ಟಳು.

ಈ "ಡೈರೆಕ್ಟ್ರಮ್ಮ" ಎನ್ನುವ ಹೆಸರು ಅವಳಿಗೆ ಇಟ್ಟವರು ಅವಳ ಅತ್ತೆ. ಗೌರವಕ್ಕೆ ಇಟ್ಟದ್ದಲ್ಲ. "ನಮ್ಮ ಡೈರೆಕ್ಟ್ರಮ್ಮ ಇವತ್ತು ಯಾರ ಬಾಗಿಲು ತಟ್ಟೋಕೆ ಹೋಗಿದ್ದಾರೋ ಏನೋ" ಎಂದು ಪಕ್ಕದ ಮನೆಯವರ ಹತ್ತಿರ ಆಡಿದ ಮಾತು ಬೀದಿಯೆಲ್ಲ ಹರಡಿ, ಈಗ ಪೇಪರ್ ಹಾಕುವವನೂ ಹಾಗೇ ಕರೆಯುತ್ತಿದ್ದ. ಸಾಕ್ಷ್ಯಚಿತ್ರ ಮಾಡುವುದು ಅವಳ ಕಸುಬು. ನೋಡಿ, ಈ ಕಸುಬಿನಲ್ಲಿ ಚಿತ್ರ ತೆಗೆಯುವುದು ಸ್ವಲ್ಪ, ಹಣಕ್ಕೆ ಅಲೆಯುವುದೇ ಜಾಸ್ತಿ. ಪೂರ್ತಿ ಚಿತ್ರಕ್ಕೆ ಹಣ ಬೇಕಾದರೆ ಮೊದಲು ಸ್ವಂತ ಖರ್ಚಿನಲ್ಲಿ ಅಷ್ಟೋ ಇಷ್ಟೋ ಚಿತ್ರೀಕರಿಸಿ, ಅದರಿಂದ ಒಂದು ಸಣ್ಣ ಸ್ಯಾಂಪಲ್ ಕತ್ತರಿಸಿ, ಅದನ್ನು ಹೊತ್ತುಕೊಂಡು ಮನೆಮನೆ ತಿರುಗಬೇಕು. ತಿರುಗಿ ತಿರುಗಿ ಅವಳ ಚಪ್ಪಲಿ ಸವೆದಿತ್ತು, ಚಪ್ಪಲಿಗಿಂತ ಮುಂಚೆ ನಾಲಿಗೆ ಸವೆದಿತ್ತು. "ಇದು ಒಬ್ಬ ನಿರಾಶ್ರಿತ ಹುಡುಗಿಯ ಬದುಕಿನ ಕಥೆ" ಎಂದು ಶುರು ಮಾಡುವ ಆ ಮಾತುಗಳು ಈಗ ಅವಳ ಕಿವಿಗೇ ಬಸ್ ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ ಕೇಳುತ್ತಿದ್ದವು.

ಸಾಹುಕಾರರು ಕನ್ನಡಕ ಏರಿಸಿಕೊಂಡು ನೋಡಿದರು. ಪರದೆಯ ಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದ ಹುಡುಗಿಯೊಬ್ಬಳು ಒಂದೇ ಸಮನೆ ಮಾತಾಡುತ್ತಿದ್ದಳು. ಯಾರ ಅಂಗಿಯ ಕಾಲರಿನಲ್ಲಿ ಎಷ್ಟು ಕೊಳೆ, ಯಾವ ವಕೀಲರ ಜೇಬಿನಲ್ಲಿ ದಿನಾ ಚಾಕೊಲೇಟಿನ ಸಿಪ್ಪೆ ಸಿಗುತ್ತದೆ, ಊರು ಬಿಟ್ಟು ಬರುವಾಗ ತಾನು ಎರಡು ಕಾಲಿಗೂ ಎಡಗಾಲಿನ ಬೂಟೇ ಹಾಕಿಕೊಂಡು ನಡೆದದ್ದು, ಆಮೇಲೆ ಕ್ಯಾಂಪಿನಲ್ಲಿ ಎರಡೂ ಬಲಗಾಲಿನ ಬೂಟು ಹಾಕಿಕೊಂಡಿದ್ದ ಇನ್ನೊಬ್ಬ ಹುಡುಗಿಯನ್ನು ಕಂಡು ಇಬ್ಬರೂ ಬಿದ್ದು ಬಿದ್ದು ನಕ್ಕದ್ದು.

"ಚೆನ್ನಾಗಿದೆ" ಎಂದರು ಸಾಹುಕಾರರು. "ಆದ್ರೆ ಈ ಹುಡುಗಿ ಆರಾಮಾಗೇ ಇದ್ದಾಳಲ್ಲಮ್ಮ."

"ಕಷ್ಟ ಪಟ್ಟಿದ್ದಾಳೆ ಸರ್. ಅವಳು ಹೇಳೋ ರೀತಿ ಹಾಗೆ."

"ನಾನೂ ಸ್ಯಾಂಪಲ್ ತೋರಿಸೇ ವ್ಯಾಪಾರ ಮಾಡೋನು. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸ್ಯಾಂಪಲ್ ನೋಡಿದ ತಕ್ಷಣ ಕೈ ಜೇಬಿಗೆ ಹೋಗಬೇಕು. ನಿಮ್ಮದು ನೋಡಿದ್ರೆ ನಗು ಬರುತ್ತೆ. ನಕ್ಕವನು ದುಡ್ಡು ಕೊಡ್ತಾನೇನಮ್ಮ?"

ನೋಡೋಣ, ಮುಂದಿನ ತಿಂಗಳು ಬನ್ನಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಕಳಿಸಿದರು. ಆ ಮುಂದಿನ ತಿಂಗಳು ಯಾವತ್ತೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ "ಆಗಲಿ ಸರ್, ತುಂಬ ಥ್ಯಾಂಕ್ಸ್" ಎಂದು ಬಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಸಾಹುಕಾರರ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಸಿಟ್ಟೂ ಬರಲಿಲ್ಲ. ಅಷ್ಟು ಸುಸ್ತು.

ಆ ಹುಡುಗಿಯನ್ನು ಲಾಂಡ್ರಿಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದರೆ ಮುಚ್ಚುವವರೆಗೆ ನಿಲ್ಲದು. ಇಲ್ಲಿನ ಭಾಷೆಯನ್ನು ಗಿರಾಕಿಗಳ ಜೊತೆ ಜಗಳ ಆಡಿಯೇ ಕಲಿತವಳು. ಹದಿನೆಂಟು ತುಂಬಿ ಸ್ವಲ್ಪ ದಿನವಾಗಿತ್ತಷ್ಟೇ. ಊರು ಸುಟ್ಟುಹೋದ ಮೇಲೆ ತಾಯಿ ಮಗಳು ಗಡಿ ದಾಟಿ ಒಂದು ಕ್ಯಾಂಪು ಸೇರಿದ್ದರು. ಚಿಕ್ಕ ವಯಸ್ಸಿನವರನ್ನು ಮೊದಲು ಕಳಿಸುತ್ತೇವೆ ಎಂದು ಇವಳನ್ನು ಇಲ್ಲಿಗೆ ಕಳಿಸಿದರು, ತಾಯಿ ಅಲ್ಲೇ ಉಳಿದಳು. ತಾಯಿಯ ಸರದಿ ಬರಬೇಕು. ಅಲ್ಲಿಯವರೆಗೆ ಕ್ಯಾಂಪು ಬಿಟ್ಟು ಕದಲುವ ಹಾಗಿಲ್ಲ. ಕದಲಿದರೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಮೊದಲಿನಿಂದ ಕಾಯಬೇಕು. "ಈ ಚಳಿಗಾಲದೊಳಗೆ ಬಂದೇ ಬರ್ತಾಳೆ ಅಕ್ಕ" ಎಂದು ರೇಡಿಯೋ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ತಾಯಿಗೆಂದು ಹಾಸಿಗೆಯನ್ನೂ ಕೊಂಡು, ಲಾಂಡ್ರಿಯ ಮೇಲಿನ ತನ್ನ ಕೋಣೆಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದೆ ನಿಲ್ಲಿಸಿದ್ದಳು.

ಆ ಕೋಣೆಯಲ್ಲೇ ಅವಳ ಸಂದರ್ಶನ ಚಿತ್ರೀಕರಿಸಿದ್ದು. ಕ್ಯಾಮೆರಾ ಡೈರೆಕ್ಟ್ರಮ್ಮನದು, ಸೌಂಡು ಅವಳ ಮೈದುನನದು. ಮೈದುನ ಎಂದರೆ ಗಂಡನ ತಮ್ಮ. ಇವನೊಬ್ಬ ಇದ್ದದ್ದರಿಂದ ಸಂಬಳ ಕೊಡದೆ ಸೌಂಡು ಸಿಕ್ಕಿತು. "ಅಮ್ಮ ಎಲ್ಲಿದ್ದಾರೆ, ಅವರ ಬಗ್ಗೆ ಹೇಳು" ಎಂದು ಡೈರೆಕ್ಟ್ರಮ್ಮ ಕೇಳಿದಾಗ ರೇಡಿಯೋ, "ಅಮ್ಮನ ವಿಷಯ ನಮ್ಮ ಭಾಷೆಲೇ ಹೇಳ್ಲಾ ಅಕ್ಕ? ಈ ಭಾಷೆಲಿ ಅವಳು ಸರಿಯಾಗಿ ಕೂರಲ್ಲ" ಎಂದಳು. ಹೇಳು, ಆಮೇಲೆ ಅನುವಾದ ಮಾಡಿಸೋಣ ಎಂದಿದ್ದಾಯಿತು. ಅವಳು ಶುರು ಮಾಡಿದಳು, ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎದ್ದು ನಿಂತು ಯಾರದೋ ನಡಿಗೆ ತೋರಿಸಿದಳು, ಮೂಗು ಹಿಡಿದು ಏನೋ ಸದ್ದು ಮಾಡಿದಳು, ತಾನೇ ನಕ್ಕಳು. ಇವರಿಬ್ಬರಿಗೆ ಒಂದಕ್ಷರ ತಿಳಿಯಲಿಲ್ಲ. ಅನುವಾದಕರ ದರ ವಿಚಾರಿಸಿದರೆ ಕೈಗೆಟುಕುವ ಹಾಗಿರಲಿಲ್ಲ. ಹಣ ಬಂದ ಮೇಲೆ ನೋಡೋಣ ಎಂದು ಆ ಭಾಗ ಹಾಗೇ ಉಳಿಯಿತು.

ಮಾತೆಲ್ಲ ಮುಗಿದ ಮೇಲೆ ಮೈದುನ ತನ್ನ ಪದ್ಧತಿಯಂತೆ, "ಈಗ ಒಂದು ನಿಮಿಷ ಯಾರೂ ಅಲ್ಲಾಡಬೇಡಿ, ರೂಮ್ ಟೋನ್" ಎಂದ. ಸೌಂಡಿನವರೆಲ್ಲ ಇದನ್ನು ಮಾಡುತ್ತಾರೆ. ಖಾಲಿ ಎನ್ನುವ ಕೋಣೆಗೂ ಅದರದೇ ಒಂದು ಸದ್ದು ಇರುತ್ತದಂತೆ. ಫ್ಯಾನಿನದು, ಗೋಡೆಯಾಚೆಯ ಯಂತ್ರದ್ದು, ರಸ್ತೆಯದು. ಅದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡರೆ, ಮಾತನ್ನು ಕತ್ತರಿಸಿ ಅಂಟಿಸುವಾಗ ಬೀಳುವ ತೂತುಗಳಿಗೆ ತುಂಬಲು ಬರುತ್ತದೆ.

"ಒಂದು ನಿಮಿಷ ಪೂರ್ತಿ ಸುಮ್ಮನಿರಬೇಕಾ? ನಾನು ಹಾಗೆ ಸುಮ್ಮನಿದ್ದದ್ದು ಒಂದೇ ಸಲ" ಎಂದಳು ರೇಡಿಯೋ. "ಗಡಿ ದಾಟೋ ಲಾರಿಲಿ. ನಾನು ಬಾಯಿ ಬಿಟ್ರೆ ಎಲ್ಲರೂ ಸಾಯ್ತಾರೆ ಅಂತ ಅಮ್ಮ ನನ್ನ ಬಾಯಿ ಒತ್ತಿ ಹಿಡಿದುಕೊಂಡಿದ್ದಳು. ಬೆಳಗಾದ್ಮೇಲೆ ನೋಡಿದ್ರೆ ಕೆನ್ನೆ ಮೇಲೆಲ್ಲ ಬೆರಳಿನ ಗುರುತು."

ಹೀಗೆ ಹೇಳಿ ನಕ್ಕು, ತುಟಿ ಬಿಗಿ ಹಿಡಿದು ಕೂತಳು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೈದುನನ ಹೊಟ್ಟೆ ಗುಡುಗುಡು ಎಂದಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಪಾಪ. ರೇಡಿಯೋಗೆ ನಗು ಉಕ್ಕಿಬಂತು. ತಡೆದಳು. ತಡೆದು ತಡೆದು ಗಂಟಲು ಉಬ್ಬಿತು, ಕಣ್ಣು ಕೆಂಪಾಯಿತು, ನೀರು ತುಂಬಿ ಒಂದು ಹನಿ ಕೆನ್ನೆಗೆ ಇಳಿಯಿತು. ನಿಮಿಷ ಮುಗಿದದ್ದೇ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಾಹುಕಾರರ ಆಫೀಸಿನಿಂದ ಬಂದ ಮಾರನೆಯ ದಿನ ಡೈರೆಕ್ಟ್ರಮ್ಮ ಎಡಿಟಿಂಗಿಗೆ ಕೂತಳು. ಎಡಿಟಿಂಗ್ ರೂಮು ಎಂದರೆ ಅತ್ತೆಯ ಹಳೆಯ ಪೆಟ್ಟಿಗೆಗಳೂ ಮುರಿದ ಹೊಲಿಗೆ ಯಂತ್ರವೂ ಇರುವ ಉಗ್ರಾಣ. ವಾರದ ಕೊನೆಗೆ ಒಂದು ದೊಡ್ಡ ಟ್ರಸ್ಟಿನ ಮೇಡಂ ಮುಂದೆ ಸ್ಯಾಂಪಲ್ ತೋರಿಸುವುದಿತ್ತು. ಇದೇ ಕೊನೆಯ ಬಾಗಿಲು. ಇದೂ ಮುಚ್ಚಿದರೆ ಚಿತ್ರದ ಆಸೆ ಬಿಟ್ಟು, ಕರೆಯುತ್ತಲೇ ಇರುವ ಜಾಹೀರಾತಿನವರ ಕೆಲಸಕ್ಕೆ ಹೋಗುತ್ತೇನೆ ಎಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು. ಗಂಡ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಎಷ್ಟೋ ದಿನದಿಂದ ಅವನ ಸಂಬಳದಲ್ಲೇ ಮನೆಯೂ ನಡೆದು ಚಿತ್ರವೂ ನಡೆದಿತ್ತು. ಅವನು ಒಂದು ದಿನವೂ ಆಡಿ ತೋರಿಸಿರಲಿಲ್ಲ. ಅದೇ ಅವಳಿಗೆ ಹೆಚ್ಚು ಭಾರವಾಗಿತ್ತು.

ಅಳು ಹುಡುಕಿದಳು. ಇಷ್ಟೊಂದು ಗಂಟೆಗಳ ಚಿತ್ರೀಕರಣದಲ್ಲಿ ಆ ಹುಡುಗಿ ಒಂದು ಸಲವಾದರೂ ಅತ್ತಿರಬೇಡವೇ? ಅತ್ತಿರಲಿಲ್ಲ. ಹುಡುಕುತ್ತ ಹುಡುಕುತ್ತ ಆ ಒಂದು ನಿಮಿಷ ಸಿಕ್ಕಿತು. ಬಿಗಿದ ತುಟಿ, ಉಬ್ಬಿದ ಗಂಟಲು, ತುಂಬಿದ ಕಣ್ಣು, ಒಂದು ಹನಿ. ಅವಳ ಕೈ ತಾನಾಗಿಯೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಹೋಗುವುದಿಲ್ಲ, ನಾವು ಕಳಿಸಿದರೇ ಹೋಗುವುದು. "ಅಮ್ಮ ಎಲ್ಲಿದ್ದಾರೆ?" ಎನ್ನುವ ತನ್ನ ಪ್ರಶ್ನೆಯನ್ನು ತಂದು ಆ ಮೌನದ ಮುಂದೆ ಇಟ್ಟಳು. ಹೊಟ್ಟೆ ಗುಡುಗಿದ್ದನ್ನು ತೆಗೆದಳು. ಒಂದು ಸಲ ನೋಡಿದಳು. ತಾನು ಜೋಡಿಸಿದ್ದು ಎಂದು ಗೊತ್ತಿದ್ದೂ ಅವಳ ಎದೆ ಹಿಂಡಿತು. ಅಯ್ಯೋ, ಸ್ಯಾಂಪಲ್ ತಾನೇ, ಚಿತ್ರದಲ್ಲಿ ಸರಿ ಮಾಡಿದರಾಯಿತು ಎಂದುಕೊಂಡಳು.

ಟ್ರಸ್ಟಿನ ಮೇಡಂ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಎರಡನೆಯ ಸಲ ಕರವಸ್ತ್ರ ತೆಗೆದರು. "ಮಾತೇ ಬೇಡ ನೋಡಿ. ಆ ಮಗುವಿನ ಮೌನ ಎಲ್ಲ ಹೇಳ್ತಾ ಇದೆ" ಎಂದರು. ಚಿತ್ರದ ಮುಕ್ಕಾಲು ಖರ್ಚು ಟ್ರಸ್ಟು ಕೊಡುತ್ತದೆ, ಉಳಿದದ್ದನ್ನು ಜನರಿಂದಲೇ ಎತ್ತೋಣ ಎಂದು ಆ ತುಣುಕನ್ನು ಅವರೇ ಫೋನಿನಿಂದ ಫೋನಿಗೆ ಹರಿಯಬಿಟ್ಟರು. ಒಪ್ಪಂದಕ್ಕೆ ಸಹಿ ಹಾಕಲು ಬರುವ ವಾರ ಬನ್ನಿ, ಒಂದೇ ಷರತ್ತು, ಆ ಮೌನ ಮಾತ್ರ ಚಿತ್ರದಲ್ಲಿ ಹಾಗೇ ಇರಬೇಕು ಎಂದರು.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ, "ಮಾತು ಬೆಳ್ಳಿ, ಮೌನ ಬಂಗಾರ ಅಂತ ಸುಮ್ನೆ ಹೇಳಿದ್ದಾರಾ?" ಎಂದರು. ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಗಂಡ ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದ. ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಅವಳು ಮಂಚದ ಮೇಲೆ ಬಿದ್ದು ಚಪ್ಪಲಿ ಕೂಡ ಬಿಚ್ಚದೆ ನಿದ್ದೆ ಹೋದಳು.

ಮೈದುನ ತುಣುಕನ್ನು ನೋಡಿದ್ದು ತನ್ನ ಗೆಳೆಯನ ಫೋನಿನಲ್ಲಿ. ನೇರ ಉಗ್ರಾಣಕ್ಕೆ ಬಂದ.

"ಅತ್ತಿಗೆ, ಅದು ರೂಮ್ ಟೋನ್ ಅಲ್ವಾ?"

"ಹೂಂ."

"ನನ್ನ ಹೊಟ್ಟೆ ಸದ್ದು ತೆಗೆದು ಹಾಕಿದ್ದೀರಿ."

"ತೆಗೀದೆ ಇನ್ನೇನು, ಅದಕ್ಕೂ ದುಡ್ಡು ಕೊಡ್ತಾರಾ?"

ಅವನು ನಗಲಿಲ್ಲ. "ಅವಳು ಉತ್ತರ ಹೇಳಿದ್ಲು ಅತ್ತಿಗೆ. ಅಷ್ಟುದ್ದ ಹೇಳಿದ್ಲು."

"ಏನು ಹೇಳಿದ್ಲು ಅಂತ ನಿಂಗೆ ಗೊತ್ತಾ? ನಂಗೂ ಗೊತ್ತಿಲ್ಲ. ಗೊತ್ತಾಗೋಕೂ ದುಡ್ಡು ಬೇಕಲ್ಲಪ್ಪ. ಇದು ಸ್ಯಾಂಪಲ್, ಚಿತ್ರ ಅಲ್ಲ. ನಂಗೆ ಸಾಕಾಗಿದೆ, ನೀನೂ ಶುರು ಮಾಡಬೇಡ."

ಅವನು ಹೆಗಲಿನ ಚೀಲ ಸರಿಪಡಿಸಿಕೊಂಡು ಹೊರಟುಹೋದ. ಎರಡು ದಿನ ಬಿಟ್ಟು ರೇಡಿಯೋ ಫೋನು ಮಾಡಿದಳು. ಲಾಂಡ್ರಿಗೆ ಬರುವವರೆಲ್ಲ ತನ್ನನ್ನು ಗುರುತು ಹಿಡಿಯುತ್ತಾರಂತೆ, ವಕೀಲರು ಇಡೀ ಚಾಕೊಲೇಟಿನ ಡಬ್ಬಿಯನ್ನೇ ಕೊಟ್ಟರಂತೆ, ಒಬ್ಬ ಅಜ್ಜಿ ಕೈ ಹಿಡಿದು ಅತ್ತೇ ಬಿಟ್ಟರಂತೆ. "ಏನಕ್ಕ ಇದು, ಎಲ್ಲರೂ ಸೇರಿ ನಮ್ಮಮ್ಮನ್ನ ಸಾಯಿಸ್ತಾ ಇದ್ದಾರೆ" ಎಂದು ನಕ್ಕಳು. ತುಣುಕನ್ನು ನೋಡಿದೆಯಾ ಎಂದು ಕೇಳಿದ್ದಕ್ಕೆ, ಒಬ್ಬ ಗಿರಾಕಿಯ ಫೋನಿನಲ್ಲಿ ನೋಡಿದೆ, ಅಂಗಡಿ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ, ಕೂದಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು ಎಂದಳು. ಡೈರೆಕ್ಟ್ರಮ್ಮ ಆಗಲೇ ಹೇಳಬೇಕಿತ್ತು. "ಜನ ಹಾಗೇ ಬಿಡು" ಎಂದಳು.

ಸಹಿಯ ದಿನ ಮಧ್ಯಾಹ್ನ, ಅವಳು ಹೊರಡಲು ಸಿದ್ಧವಾಗಿ ಬಾಗಿಲಲ್ಲಿ ನಿಂತಿದ್ದಾಗ ಫೋನು ಬಂತು. "ಅಕ್ಕ, ಬನ್ನಿ" ಎಂದಿತು ರೇಡಿಯೋ ದನಿ. ಅಷ್ಟೇ. ಆ ಹುಡುಗಿ ಎರಡೇ ಮಾತಾಡಿ ಫೋನಿಟ್ಟದ್ದನ್ನು ಡೈರೆಕ್ಟ್ರಮ್ಮ ಇದೇ ಮೊದಲು ಕಂಡದ್ದು. ಕೆಲಸದಲ್ಲಿದ್ದ ಮೈದುನನಿಗೂ ಫೋನು ಮಾಡಿ, ನೇರ ಲಾಂಡ್ರಿಗೇ ಬಾ ಎಂದು ಹೇಳಿ ಓಡಿದಳು.

ಮೇಲಿನ ಕೋಣೆಯಲ್ಲಿ ರೇಡಿಯೋ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕೆಳಗೆ ಒಗೆಯುವ ಯಂತ್ರಗಳು ತಿರುಗುತ್ತಿದ್ದವು, ನೆಲ ಸಣ್ಣಗೆ ನಡುಗುತ್ತಿತ್ತು. ಕ್ಯಾಂಪಿನಲ್ಲಿ ತಾಯಿಯ ಪಕ್ಕದ ಡೇರೆಯಲ್ಲಿರುವ ಹೆಂಗಸೊಬ್ಬಳಿದ್ದಳು, ರೇಡಿಯೋ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು. ತಾಯಿ ಮಗಳು ಮಾತಾಡುತ್ತಿದ್ದದ್ದು ಆ ದೊಡ್ಡಮ್ಮನ ಫೋನಿನಲ್ಲೇ. ಹರಿಯುತ್ತ ಹರಿಯುತ್ತ ತುಣುಕು ಆ ಫೋನಿಗೂ ಹೋಗಿತ್ತು. ತಾಯಿಗೆ ಇಲ್ಲಿನ ಭಾಷೆ ಬರದು. ಯಾರೋ ಏನೋ ಕೇಳುತ್ತಾರೆ, ಮಗಳು ಬಾಯಿ ಬಿಗಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ಕೂರುತ್ತಾಳೆ. ಅವಳು ಕಂಡದ್ದು ಇಷ್ಟು.

"ನನ್ನ ಮಗಳು ಸುಮ್ಮನೆ ಕೂತಿದ್ದಾಳೆ ಅಂದ್ರೆ ಯಾರೋ ಅವಳ ಬಾಯಿ ಮುಚ್ಚಿಸಿದ್ದಾರೆ ಅಂತ ಅಮ್ಮ ಹೇಳ್ತಾ ಇದ್ದಾಳೆ" ಎಂದಳು ರೇಡಿಯೋ. "ಗಂಟು ಕಟ್ಟಿದ್ದಾಳೆ ಅಕ್ಕ. ಲಾರಿಯವರಿಗೆ ದುಡ್ಡು ಕೊಟ್ಟಿದ್ದಾಳೆ. ಲಾರಿ ತುಂಬಿದ ತಕ್ಷಣ ಹೊರಡುತ್ತಂತೆ. ಕಳ್ಳದಾರಿಲಿ."

"ಚೆನ್ನಾಗಿದ್ದೀನಿ ಅಂತ ಹೇಳು."

"ಹೇಳ್ದೆ. ಪಕ್ಕದಲ್ಲಿ ಯಾರಿದ್ದಾರೆ, ಅವರೇ ಹೇಳಿಸ್ತಾ ಇದ್ದಾರಾ ಅಂತ ಕೇಳ್ತಾಳೆ. ಆಮೇಲೆ ನಂಗೆ ಭಯ ಆಗಿ ಗಂಟಲು ಕಟ್ಟಿಹೋಯ್ತು. ನಾನು ಸುಮ್ಮನಾಗಿದ್ದು ಕೇಳಿ ಅವಳಿಗೆ ಇನ್ನೂ ಖಾತ್ರಿಯಾಯ್ತು." ಅವಳು ಮುಖ ಎತ್ತಿದಳು. "ನಾನು ಯಾವಾಗ ಸುಮ್ಮನೆ ಕೂತಿದ್ದೆ ಅಕ್ಕ? ನೀವು ಅಮ್ಮನ ವಿಷಯ ಕೇಳಿದಾಗ ನಾನು ಸುಮ್ಮನೆ ಕೂತಿರಲಿಲ್ಲವಲ್ಲ."

ಮೈದುನ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಕಡೆ ನೋಡಲು ಡೈರೆಕ್ಟ್ರಮ್ಮನಿಗೆ ಮುಖವಿರಲಿಲ್ಲ. ಎಷ್ಟೋ ಜನರ ಮುಂದೆ ಎಷ್ಟೋ ಸಲ ಹೇಳಿ ಸವೆದಿದ್ದ ನಾಲಿಗೆ ಈ ಒಂದು ಮಾತಿಗೆ ಹೊರಳಲಿಲ್ಲ. ನೆಲದ ಮೇಲೆ ಹುಡುಗಿಯ ಎದುರು ಕೂತಳು.

"ಅದು ರೂಮ್ ಟೋನ್ ಕಣಮ್ಮ. ಅವತ್ತು ಕೊನೆಗೆ ಒಂದು ನಿಮಿಷ ಕೂರಿಸಿದ್ವಲ್ಲ, ಇವನ ಹೊಟ್ಟೆ ಗುಡುಗಿತಲ್ಲ, ಅದು. ನಾನೇ ತಂದು ಪ್ರಶ್ನೆ ಮುಂದೆ ಅಂಟಿಸಿದ್ದು. ದುಡ್ಡು ಬರಲಿ ಅಂತ."

ರೇಡಿಯೋ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅಮ್ಮನ ವಿಷಯ ಅಷ್ಟು ಹೇಳಿದ್ದೆನಲ್ಲ ಅಕ್ಕ" ಎಂದಳು ಮೆಲ್ಲಗೆ. "ಅದರಲ್ಲಿ ಒಂದು ಮಾತೂ ನಿಮಗೆ ಬೇಕಾಗಲಿಲ್ವಾ?"

ಡೈರೆಕ್ಟ್ರಮ್ಮನಿಗೆ ಅಳು ಬಂತು. ಇವಳ ಸಂಕಟದ ಎದುರು ತಾನು ಅಳುವುದೂ ಒಂದು ನಾಟಕವಾದೀತು ಎಂದು ನುಂಗಿಕೊಂಡಳು. ಆಗ ಮೈದುನ ಚೀಲ ಇಳಿಸಿ, "ಅತ್ತಿಗೆ, ಆ ದಿನದ ಸೌಂಡು ಪೂರ್ತಿ ನನ್ನ ಹತ್ರಾನೇ ಇದೆ" ಎಂದ. "ಒಂದು ಚೂರೂ ಕತ್ತರಿಸಿಲ್ಲ."

ಬಂದೂಕು ಹಿಡಿದು ನಿಂತವನು ಒಬ್ಬಳಿಂದ "ಚೆನ್ನಾಗಿದ್ದೀನಿ" ಎಂದು ಹೇಳಿಸಬಹುದು. ಮುಕ್ಕಾಲು ಗಂಟೆ ಹರಟಿಸಲು ಯಾವ ಬಂದೂಕಿನಿಂದಲೂ ಆಗದು. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ರೇಡಿಯೋ ಆಗಲೇ ದೊಡ್ಡಮ್ಮನಿಗೆ ಫೋನು ಹಚ್ಚಿದ್ದಳು. ಒಂದು ಸಲ ಹೋಗಲಿಲ್ಲ. ಎರಡನೆಯ ಸಲವೂ ಹೋಗಲಿಲ್ಲ. ಮೂರನೆಯ ಸಲ ದೊಡ್ಡಮ್ಮ ಎತ್ತಿಕೊಂಡಳು, ಹಿಂದೆ ಇಂಜಿನ್ನಿನ ಸದ್ದು. ಅಮ್ಮ ಲಾರಿ ಹತ್ತಲು ನಿಂತಿದ್ದಾಳೆ, ಗಂಟು ಆಗಲೇ ಮೇಲೆ ಹೋಗಿದೆ ಎಂದು ಹೇಳಿದಳಂತೆ. ಫೋನು ಅವಳ ಕಿವಿಗೆ ಇಡು, ಏನೂ ಮಾತಾಡಬೇಡ, ಸುಮ್ಮನೆ ಇಡು ಎಂದಳು ರೇಡಿಯೋ.

ಮೈದುನ ತನ್ನ ಯಂತ್ರದ ಸ್ಪೀಕರನ್ನು ಫೋನಿಗೆ ಹಿಡಿದ.

ಹುಡುಗಿಯ ಅವತ್ತಿನ ಮಾತು ಕೋಣೆ ತುಂಬ ಹರಿಯಿತು. ಏರುತ್ತ, ಇಳಿಯುತ್ತ, ತನ್ನ ಮಾತಿಗೆ ತಾನೇ ಅಡ್ಡ ಬಾಯಿ ಹಾಕುತ್ತ, ಮಧ್ಯೆ ನಗುತ್ತ. ಮೂವರೂ ಫೋನಿನ ಸುತ್ತ ಬಗ್ಗಿ ಕೂತರು. ಆ ಕಡೆಯಿಂದ ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಯಾರೋ ಗಂಡಸು ಕೂಗಿದ. ಹತ್ತಿ, ಹೊತ್ತಾಯಿತು ಎನ್ನುತ್ತಿದ್ದಾನೆ ಎಂದು ರೇಡಿಯೋ ಪಿಸುಗುಟ್ಟಿದಳು. ಇಲ್ಲಿ ಮಾತು ನಡೆದೇ ಇತ್ತು.

ಡೈರೆಕ್ಟ್ರಮ್ಮನ ಫೋನು ಮಡಿಲಲ್ಲಿ ನಡುಗಿತು. ಟ್ರಸ್ಟಿನ ಮೇಡಂ. ಸಹಿಗೆ ಕಾದು ಕೂತಿರುತ್ತಾರೆ. ಅವಳು ಅದನ್ನು ಮಗುಚಿ ಹಾಕಿ, ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಅದು ಸುಮಾರು ಹೊತ್ತು ನಡುಗಿ ಸುಮ್ಮನಾಯಿತು.

ಆ ಕಡೆ ಇಂಜಿನ್ ಜೋರಾಯಿತು. ರೇಡಿಯೋ ಕಣ್ಣು ಮುಚ್ಚಿದಳು. ಸದ್ದು ಏರಿ, ಹೊರಳಿ, ಸಣ್ಣದಾಗುತ್ತ ಹೋಯಿತು. ಲಾರಿ ಹೊರಟಿತ್ತು. ತಾಯಿ ಅದರ ಮೇಲಿದ್ದಾಳೋ ಕೆಳಗಿದ್ದಾಳೋ ಗೊತ್ತಾಗುವ ಹಾಗಿರಲಿಲ್ಲ. ಫೋನಿನಲ್ಲಿ ಈಗ ಬರೀ ಗಾಳಿ. ಇಲ್ಲಿ ಅವತ್ತಿನ ರೇಡಿಯೋ ಮೂಗು ಹಿಡಿದು ಆ ವಿಚಿತ್ರ ಸದ್ದು ಮಾಡುತ್ತಿದ್ದಳು.

ಗಾಳಿಯ ನಡುವಿನಿಂದ ಒರಟು ಹೆಣ್ಣು ದನಿಯೊಂದು ಏನೋ ಅಂದಿತು. ಎರಡೇ ಎರಡು ಮಾತು.

ರೇಡಿಯೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಡೈರೆಕ್ಟ್ರಮ್ಮ ಅವಳ ಮುಖವನ್ನೇ ನೋಡಿದಳು. ಆ ಮುಖ ಓದಲು ತನಗೆ ಬರುವುದಿಲ್ಲ ಎಂದು ಈಗ ಗೊತ್ತಿತ್ತು, ಆದ್ದರಿಂದ ಕೇಳಿದಳು.

"ಏನಂದ್ರು?"

"'ಸುಳ್ಳು. ನಾನು ಗೊರಕೆ ಹೊಡೆಯಲ್ಲ' ಅಂದ್ಲು."

ಆಮೇಲೆ ಆ ತಾಯಿ ಮಾತಿಗೆ ಶುರು ಮಾಡಿದಳು. ಗೊರಕೆಯಿಂದ ಶುರುವಾದದ್ದು ಗಂಟಿಗೆ ಬಂತು. ಗಂಟು ಲಾರಿಯ ಜೊತೆ ಹೊರಟುಹೋಗಿತ್ತು, ಅದರಲ್ಲಿ ಅವಳ ಒಳ್ಳೆಯ ಕಂಬಳಿ ಇತ್ತು, ಲಾರಿಯವನ ವಂಶ ಹಾಳಾಗಲಿ. ಅಲ್ಲಿಂದ ಮಗಳ ಕೂದಲಿಗೆ, ಕೂದಲಿನಿಂದ ಊಟಕ್ಕೆ, ಊಟದಿಂದ ಮತ್ತೆ ಗೊರಕೆಗೆ. ಹುಡುಗಿ ಈ ಗುಣ ಎಲ್ಲಿಂದ ತಂದಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ದೊಡ್ಡಮ್ಮನ ಫೋನಿನ ಚಾರ್ಜು ಮುಗಿದು ತಾನಾಗಿ ಆರುವವರೆಗೂ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು.

ಮಾರನೆಯ ದಿನ ಡೈರೆಕ್ಟ್ರಮ್ಮ ಟ್ರಸ್ಟಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೊಟ್ಟೆ ಗುಡುಗಿದ್ದನ್ನೂ ಬಿಡಲಿಲ್ಲ. ಮೇಡಂ ಮುಖ ಕೆಂಪಾಯಿತು. "ನಾನು ಅತ್ತಿದ್ದೆ" ಎಂದರು. ಅವರು ಅತ್ತದ್ದು ನಿಜವೇ ಆಗಿತ್ತು. ಟ್ರಸ್ಟು ಹಿಂದೆ ಸರಿಯಿತು. ತುಣುಕನ್ನು ಆದಷ್ಟು ಕಡೆಯಿಂದ ತೆಗೆಸಿದರು. ಹಣ ಕಳಿಸಿದ್ದ ಜನರಿಗೆ ವಾಪಸ್ಸು ಕಳಿಸುವ ಕೆಲಸ, ಬಯ್ಗುಳ ಓದುವ ಕೆಲಸ ಇನ್ನೂ ಬಹಳ ದಿನ ನಡೆಯಿತು. ಅವಳು ಜಾಹೀರಾತಿನವರ ಹತ್ತಿರ ಕೆಲಸಕ್ಕೆ ಸೇರಿದಳು. ಸೋಪು, ಸೋಫಾ, ಏನು ಕೊಟ್ಟರೆ ಅದು. "ಊರ ಉಸಾಬರಿ ಮುಗೀತಾ?" ಎಂದು ಅತ್ತೆ ಕೇಳಿದಾಗ, "ಭಾನುವಾರ ಮಾತ್ರ ಇದೆ ಅತ್ತೆ" ಎಂದಳು.

ಭಾನುವಾರ ಲಾಂಡ್ರಿಗೆ ರಜೆ. ರೇಡಿಯೋ ಕರೆದಿದ್ದಳು. ಅವಳೇ ಕರೆಯಬೇಕಿತ್ತು, ಇವರಾಗಿ ಹೋಗುವ ಮುಖ ಇರಲಿಲ್ಲ. ತಾಯಿಯ ಹೆಸರು ಸರದಿಯಲ್ಲಿ ಇದ್ದ ಕಡೆಯೇ ಇತ್ತು. ಚಳಿಗಾಲ ಬಂದು ಅರ್ಧ ಮುಗಿದಿತ್ತು, ಕರೆ ಇನ್ನೂ ಬಂದಿರಲಿಲ್ಲ. ಹಾಸಿಗೆ ಪ್ಲಾಸ್ಟಿಕ್ಕಿನಲ್ಲೇ ನಿಂತಿತ್ತು. ಅವತ್ತಿನ ಆ ಮುಕ್ಕಾಲು ಗಂಟೆಯ ಮಾತನ್ನು ರೇಡಿಯೋ ವಾಕ್ಯಕ್ಕೆ ವಾಕ್ಯ ಇಲ್ಲಿನ ಭಾಷೆಗೆ ತಿರುಗಿಸಿ ಹೇಳುತ್ತ ಹೋದಳು. ಡೈರೆಕ್ಟ್ರಮ್ಮ ಕೇಳಿ ಕೇಳಿ ಬರೆದುಕೊಂಡಳು. ಗೊರಕೆ ಬಂದಾಗ ಹುಡುಗಿ, "ಇಲ್ಲಿ ಅಮ್ಮ ಒಪ್ಪಲ್ಲ ಅಂತ ಕೆಳಗೆ ಅಕ್ಷರದಲ್ಲಿ ಹಾಕಿ" ಎಂದಳು. ಹಾಕುತ್ತೇನೆ ಎಂದು ಅದನ್ನೂ ಬರೆದುಕೊಂಡಳು.

ಮುಗಿದ ಮೇಲೆ ಮೈದುನ ಅಭ್ಯಾಸಬಲದಿಂದ, "ಈಗ ಒಂದು ನಿಮಿಷ" ಎಂದವನು ಅಲ್ಲೇ ನಿಲ್ಲಿಸಿದ.

"ನಾನು ಕೂರಲ್ಲ" ಎಂದಳು ರೇಡಿಯೋ. "ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ಕ್ಯಾಮೆರಾ ಮುಂದೆ ಇನ್ನು ಸುಮ್ಮನೆ ಕೂರಲ್ಲ ಅಂತ."

"ಕೂರಬೇಡ" ಎಂದಳು ಡೈರೆಕ್ಟ್ರಮ್ಮ. ಎದ್ದು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದಳು. "ನೀನು ಕೆಳಗೆ ಹೋಗಿರು."

ಮೈದುನ ಮೈಕನ್ನು ಖಾಲಿ ಕುರ್ಚಿಯ ಎದುರು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಒರಗಿದ. ಡೈರೆಕ್ಟ್ರಮ್ಮ ಹಾಸಿಗೆಯ ಪಕ್ಕ ಉಸಿರು ಬಿಗಿಹಿಡಿದು ನಿಂತಳು. ಫ್ಯಾನು ತಿರುಗುತ್ತಿತ್ತು. ಕೆಳಗಿನ ಯಂತ್ರಗಳಿಗೆ ಇವತ್ತು ರಜೆ. ಕಿಟಕಿಯ ಕೆಳಗೆ, ರಸ್ತೆಯಲ್ಲಿ, ರೇಡಿಯೋ ಯಾರಿಗೋ ಎರಡು ಎಡಗಾಲಿನ ಬೂಟಿನ ಕಥೆ ಹೇಳುತ್ತಿದ್ದಳು.

"ಅತ್ತಿಗೆ, ಅವಳ ಮಾತು ಬರ್ತಾ ಇದೆ" ಎಂದ ಮೈದುನ. "ಈ ಟೋನ್ ಕೆಲಸಕ್ಕೆ ಬರಲ್ಲ. ಕಿಟಕಿ ಮುಚ್ಚಲಾ?"

"ಬೇಡ" ಎಂದಳು ಅವಳು. "ಇರಲಿ ಬಿಡು."